ಕೆಲಸಕ್ಕೆ ಸಿಗಬೇಕು, ಮನೆಗೆ ಸಿಗಬಾರದು

ಗೇಟಿನ ಫೋಟೊ ಬಂದದ್ದು ರಾತ್ರಿ ಹತ್ತೂಕಾಲಕ್ಕೆ, ಗುರುತಿಲ್ಲದ ನಂಬರಿನಿಂದ. ಕೆಳಗೆ ಒಂದೇ ಸಾಲು: ‘ಹೊಸ ಬಣ್ಣ ಹೊಡೆಸಿದ್ದೀರಿ, ಚೆನ್ನಾಗಿದೆ.’

ನಮ್ಮದೇ ಗೇಟು. ಬಣ್ಣ ಹೊಡೆಸಿ ಎರಡು ವಾರವೂ ಆಗಿರಲಿಲ್ಲ. ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂ ಚಿತ್ರದಲ್ಲಿ ಅದಿನ್ನೂ ತುಕ್ಕು ಹಿಡಿದ ಹಳೆಯ ಗೇಟೇ. ಅಂದರೆ ಅವನು ಮನೆಯಲ್ಲಿ ಕೂತು ನೋಡಿದ್ದಲ್ಲ. ಬಂದು, ಎದುರಿಗೆ ನಿಂತು, ಫೋನ್ ಎತ್ತಿ ತೆಗೆದದ್ದು. ಬಣ್ಣ ‘ಹೊಸದು’ ಎಂದು ಅವನಿಗೆ ಗೊತ್ತಾದದ್ದು ಆ ಹಳೆಯ ಚಿತ್ರ ನೋಡಿಯೇ ಇರಬೇಕು ಎಂಬುದು ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ.

ಯಾರೆಂದು ಊಹಿಸುವುದು ಕಷ್ಟವಿರಲಿಲ್ಲ. ನಾನು ಮನೆಯಲ್ಲೇ ಕೂತು ಹಸ್ತಪ್ರತಿ ತಿದ್ದುವ, ಅನುವಾದ ಮಾಡಿಕೊಡುವ ಕೆಲಸದವಳು. ಕೆಲವು ತಿಂಗಳ ಹಿಂದೆ ಒಬ್ಬರ ಹಸ್ತಪ್ರತಿಯನ್ನು ‘ಇದು ನನ್ನಿಂದ ಆಗದು’ ಎಂದು ಹಿಂದಿರುಗಿಸಿದ್ದೆ. ಮೊದಲು ಕಾರಣ ಕೇಳುವ ಮೇಲ್ ಬಂತು, ಆಮೇಲೆ ಬೈಗುಳ, ಆಮೇಲೆ ಅವೇಳೆಯ ಕರೆಗಳು. ಒಂದು ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದು. ಬರೆಯುವವರ ಸಿಟ್ಟನ್ನು ನೋಡಿ ಅಭ್ಯಾಸವಾಗಿದ್ದರಿಂದ ತಾನೇ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಆದರೆ ನಮ್ಮಿಬ್ಬರ ವ್ಯವಹಾರವೆಲ್ಲ ಮೇಲ್‌ನಲ್ಲೇ ನಡೆದದ್ದು. ಫೋನ್ ನಂಬರನ್ನೇ ಕೊಟ್ಟಿರಲಿಲ್ಲ, ವಿಳಾಸ ದೂರದ ಮಾತು.

ಮರುದಿನವೇ ಪೊಲೀಸರಿಗೆ ದೂರು ಕೊಟ್ಟೆ. ಆ ಓಡಾಟದ್ದು ಬೇರೆಯೇ ಕಥೆ, ಇಲ್ಲಿ ಬೇಡ. ದೂರು ಬರೆದುಕೊಂಡವರು ಕೇಳಿದ ಒಂದು ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು: “ವಿಳಾಸ ಅವನಿಗೆ ಎಲ್ಲಿಂದ ಸಿಕ್ಕಿತು, ಮೇಡಂ?” ನನ್ನ ಬಳಿ ಉತ್ತರವಿರಲಿಲ್ಲ.

ಚಿಕ್ಕಮ್ಮನ ಮಗ ವೆಬ್‌ಸೈಟುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ ಅಳುವ ಧ್ವನಿಯಲ್ಲಿ, “ಗೂಗಲ್‌ನಿಂದ ನನ್ನ ಹೆಸರನ್ನೇ ತೆಗೆಸಿಬಿಡೋ” ಅಂದೆ.

“ಅಕ್ಕಾ, ಹಾಗೆಲ್ಲ ಒಟ್ಟಿಗೆ ತೆಗೆಯೋಕೆ ಬರಲ್ಲ. ಒಂದೊಂದೇ ಕೊಂಡಿ ಹಿಡಿದು ಕೇಳಬೇಕು. ಅದಕ್ಕೆ ಮೊದಲು ಏನೇನಿದೆ ಅಂತ ಗೊತ್ತಾಗಬೇಕಲ್ಲ? ನೀನೇ ಅವನಾಗಿ ಹುಡುಕು. ಅವನಿಗೆ ಗೊತ್ತಿದ್ದದ್ದು ನಿನ್ನ ಹೆಸರು, ನಿನ್ನ ಕಸುಬು, ಮೇಲ್ ಐಡಿ, ಅಷ್ಟೇ ಅಲ್ವಾ? ಅಷ್ಟರಿಂದಲೇ ಶುರು ಮಾಡು. ಮತ್ತೆ, ಈಗಲೇ ಏನನ್ನೂ ಅಳಿಸಬೇಡ. ನೋಡು, ಬರೆದಿಟ್ಟುಕೋ.”

ಕೊನೆಯ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದರ ಫಲ ಮುಂದೆ ಹೇಳುತ್ತೇನೆ.

ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಕೂತೆ. ನಮ್ಮ ಖಾತೆಯಿಂದ ಲಾಗಿನ್ ಆಗಿ ಹುಡುಕಿದರೆ ನಮಗೆ ಬೇಕಾದಂತೆ ಒಪ್ಪವಾದ ಉತ್ತರಗಳು ಬರಬಹುದು. ಅಪರಿಚಿತನಿಗೆ ಕಾಣುವುದೇ ನನಗೂ ಕಾಣಬೇಕಿತ್ತು. ಹೆಸರನ್ನು ಉದ್ಧರಣ ಚಿಹ್ನೆಗಳ ಒಳಗೆ ಹಾಕಿ ಹುಡುಕಿದೆ. ಹಾಗೆ ಹಾಕಿದರೆ ಆ ಪದಗಳು ಅದೇ ಕ್ರಮದಲ್ಲಿರುವ ಪುಟಗಳಷ್ಟೇ ಬರುತ್ತವೆ.

ಇಲ್ಲಿ ಕನ್ನಡದವರಿಗೆ ಇರುವ ಒಂದು ತೊಡಕಿದೆ. ನನ್ನ ಹೆಸರಿನ ‘ತ’ಕಾರಕ್ಕೆ ಇಂಗ್ಲಿಷಿನಲ್ಲಿ ಎಚ್ ಸೇರಿಸುವವರದು ಒಂದು ಪಂಗಡ, ಸೇರಿಸದವರದು ಇನ್ನೊಂದು. ಕೊನೆಯ ದೀರ್ಘಕ್ಕೆ ಎರಡು ಎ ಹಾಕುವವರುಂಟು, ಒಂದರಲ್ಲೇ ಮುಗಿಸುವವರುಂಟು. ಇನಿಷಿಯಲ್ ಹಿಂದೆ ಬರೆಯುವವರು, ಮುಂದೆ ಬರೆಯುವವರು, ಚುಕ್ಕಿ ಇಡುವವರು, ಇಡದವರು. ಎಲ್ಲ ಕೂಡಿಸಿದರೆ ಒಬ್ಬಳೇ ನಾನು ಹನ್ನೊಂದು ರೂಪದಲ್ಲಿದ್ದೆ. ಕನ್ನಡ ಲಿಪಿಯಲ್ಲಿ ಬರೆದು ಹುಡುಕಿದರೆ ಇಂಗ್ಲಿಷಿನಲ್ಲಿ ಎಲ್ಲೂ ಬಾರದ ಪುಟಗಳು ಬಂದವು. ಫೋನ್ ನಂಬರಿನದೂ ಇದೇ ಕಥೆ: ಹತ್ತು ಅಂಕಿ ಒಟ್ಟಿಗೆ, ನಡುವೆ ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ದೇಶದ ಕೋಡ್ ಸಮೇತ. ಮೇಲ್ ಐಡಿಯಲ್ಲಿ ಅಟ್ ಚಿಹ್ನೆಗೆ ಮುಂಚಿನ ಭಾಗವನ್ನಷ್ಟೇ ಹಾಕಿ ಹುಡುಕಿದಾಗ ಹದಿನೈದು ವರ್ಷದ ಹಿಂದೆ ಅದೇ ಹೆಸರಿನಲ್ಲಿ ತೆರೆದು ಮರೆತಿದ್ದ ಖಾತೆಗಳೆಲ್ಲ ಸಾಲಾಗಿ ಎದ್ದು ಬಂದವು. ಹೆಸರಿನ ಮುಂದೆ ‘ಫೈಲ್‌ಟೈಪ್’ ಎಂದು ಬರೆದು ಕೋಲನ್ ಹಾಕಿ ‘ಪಿಡಿಎಫ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಪಿಡಿಎಫ್ ಕಡತಗಳಷ್ಟೇ ಬರುತ್ತವೆ ಎಂಬುದನ್ನು ತಮ್ಮ ಹೇಳಿಕೊಟ್ಟಿದ್ದ. ಸಿಕ್ಕಿಬಿದ್ದದ್ದು ಅಲ್ಲೇ.

2016ರ ಒಂದು ಕಮ್ಮಟದ ಕರಪತ್ರ. ನಾನು ಸಂಯೋಜಕಿ, ಸಂಪರ್ಕಕ್ಕೆ ನನ್ನ ಮೊಬೈಲ್. ಆ ನಂಬರನ್ನು ಹುಡುಕಿದರೆ ಒಂದು ಸಂಘದ ಸದಸ್ಯರ ಪಟ್ಟಿ, ಪಿಡಿಎಫ್. ಕ್ರಮಸಂಖ್ಯೆ, ಹೆಸರು, ಮೊಬೈಲ್, ಪೂರ್ತಿ ವಿಳಾಸ, ಮನೆ ನಂಬರಿನ ಸಮೇತ. ಹೆಸರಿನಿಂದ ಮನೆಯ ಬಾಗಿಲಿಗೆ ಎರಡೇ ಹೆಜ್ಜೆ. ಗಡಿಯಾರ ನೋಡಿದೆ. ಮೊದಲ ಬಾರಿಗೆ ಹುಡುಕುತ್ತಿದ್ದ, ಈ ಕೆಲಸದಲ್ಲಿ ಏನೇನೂ ಪಳಗದ ನನಗೆ ಹಿಡಿದದ್ದು ನಲವತ್ತು ನಿಮಿಷ.

ಒಂದು ವಾರದಲ್ಲಿ ನೋಟ್‌ಬುಕ್ಕಿನಲ್ಲಿ 27 ಸಾಲುಗಳಾದವು. ಪ್ರತಿ ಸಾಲಿಗೆ ಎದುರಾಗಿ ‘ಹಾಕಿದವರು ಯಾರು’ ಎಂದು ಒಂದು ಕಾಲಂ ಮಾಡಿದ್ದೆ. ಹದಿನಾಲ್ಕು ಕಡೆ ನಾನೇ. ಹನ್ನೆರಡು ಕಡೆ ನನ್ನವರು, ಗೆಳೆಯರು, ಸಂಘದವರು, ಒಳ್ಳೆಯ ಮನಸ್ಸಿನಿಂದ. ಒಂದೇ ಒಂದು ಕಡೆ ಅವನು.

ಆ ಒಂದನ್ನು ಹೇಳಿಬಿಡುತ್ತೇನೆ. ಯಾವುದೋ ಚರ್ಚಾತಾಣದಲ್ಲಿ ನನ್ನ ಹೆಸರು, ನಂಬರು, ಬಡಾವಣೆಯ ಹೆಸರು ಹಾಕಿ, ‘ಈಕೆ ಹೊಸ ಲೇಖಕರ ಬದುಕು ಹಾಳುಮಾಡುತ್ತಾಳೆ, ನೀವೇ ಫೋನ್ ಮಾಡಿ ವಿಚಾರಿಸಿಕೊಳ್ಳಿ’ ಎಂದು ಬರೆದಿದ್ದ. ಅವೇಳೆಯ ಕರೆಗಳೆಲ್ಲ ಅವನವಲ್ಲ ಎಂಬುದು ಆಗ ತಿಳಿಯಿತು.

ನಾನೇ ಹಾಕಿದ್ದ ಹದಿನಾಲ್ಕರಲ್ಲಿ ಹೆಚ್ಚು ಹೆದರಿಸಿದ್ದು ಮ್ಯಾಪ್ಸ್. ಅಲ್ಲಿ ಅಂಗಡಿಗೆ, ಆಸ್ಪತ್ರೆಗೆ, ಪಾರ್ಕಿಗೆ ನಾವು ಬರೆಯುವ ಅಭಿಪ್ರಾಯಗಳೆಲ್ಲ ನಮ್ಮ ಹೆಸರಿನ ಕೆಳಗೆ ಒಂದೇ ಕಡೆ ಕಾಣುತ್ತವೆ. ಹೆಸರು ಒತ್ತಿದರೆ ನಕ್ಷೆ ತೆರೆದುಕೊಂಡು ಬರೆದ ಜಾಗಗಳೆಲ್ಲ ಚುಕ್ಕಿಗಳಾಗುತ್ತವೆ. ವರ್ಷಗಟ್ಟಲೆ ಶ್ರದ್ಧೆಯಿಂದ ನಾನೇ ಚುಕ್ಕಿ ಇಟ್ಟುಕೊಂಡು ಬಂದಿದ್ದೆ. ನಡುವೆ ಖಾಲಿ ಉಳಿದ ಜಾಗದಲ್ಲಿ ನಮ್ಮ ಮನೆ. ಪ್ರೊಫೈಲನ್ನು ನಿರ್ಬಂಧಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಒತ್ತಿದೆ, ಸಾಲದೆಂದು ಮನೆಯ ಸುತ್ತಮುತ್ತಲಿನ ಅಭಿಪ್ರಾಯಗಳನ್ನೂ ಅಳಿಸಿದೆ. 27ರಲ್ಲಿ ಮೊದಲು ಹೊಡೆದುಹಾಕಿದ ಸಾಲು ಅದು.

ಅವ್ವನಿಗೆ ಇದೆಲ್ಲ ಅರ್ಥಹೀನವಾಗಿ ಕಂಡಿತು. “ಅವನಿಗೆ ಮನೆ ಗೊತ್ತಾಗೇಹೋಗಿದೆ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕ್ತಿದ್ದೀಯಲ್ಲೇ” ಅಂದಳು. ಮಾತು ಸುಳ್ಳಲ್ಲ. ಆದರೆ ಅವನೊಬ್ಬನಿಗೆ ಗೊತ್ತಿರುವುದು ಬೇರೆ, ಅವನ ಮಾತು ನಂಬಿ ಎದ್ದು ಬರುವ ಹತ್ತು ಜನಕ್ಕೆ ಗೊತ್ತಾಗುವುದು ಬೇರೆ. ಆ ಹತ್ತು ಜನಕ್ಕೆ ನನ್ನ ಮೇಲೆ ಹಗೆಯೇನಿಲ್ಲ, ಇರುವುದು ಬೇಸರದ ಹೊತ್ತಿನ ಕುತೂಹಲ. ಮೂರು ಸಲ ಹುಡುಕಿ ಸಿಗದಿದ್ದರೆ ಬೇರೆ ಕಡೆ ಹೋಗುವವರು. ಪೊಲೀಸರು ನೋಡಿಕೊಳ್ಳಬೇಕಾದದ್ದು ಅವನನ್ನು. ನಾನು ಮುಚ್ಚಬೇಕಿದ್ದದ್ದು ಉಳಿದವರ ದಾರಿಯನ್ನು.

ಈಗ ನನ್ನ ದಡ್ಡತನ. ಪಿಡಿಎಫ್ ಸಿಕ್ಕ ಆವೇಶದಲ್ಲಿ ಸಂಘದ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಪಾಪ, ಗಾಬರಿಯಾಗಿ ಅವತ್ತು ಸಂಜೆಯೇ ಕಡತ ತೆಗೆಸಿಬಿಟ್ಟರು. ಖುಷಿಯಿಂದ ತಮ್ಮನಿಗೆ ಹೇಳಿದರೆ ಅವನು ಕೇಳಿದ್ದು, “ಸ್ಕ್ರೀನ್‌ಶಾಟ್ ತೆಗೆದಿದ್ದೆಯಾ?” ತೆಗೆದಿರಲಿಲ್ಲ. ‘ಎಲ್ಲಿಂದ ಸಿಕ್ಕಿತು’ ಎಂಬ ಪೊಲೀಸರ ಪ್ರಶ್ನೆಗೆ ಇದ್ದ ಒಂದೇ ಉತ್ತರವನ್ನು ಕೈಯಾರೆ ಅಳಿಸಿದ್ದೆ. ಯಾವುದನ್ನು ತೆಗೆಸುವ ಮೊದಲೂ ಪುಟದ ಚಿತ್ರ ಬೇಕು, ಬ್ರೌಸರಿನ ಮೇಲ್ಭಾಗದಲ್ಲಿರುವ ಪುಟದ ವಿಳಾಸ, ಅಂದರೆ ಯುಆರ್‌ಎಲ್, ಅದರಲ್ಲಿ ಪೂರ್ತಿ ಕಾಣಬೇಕು, ತೆಗೆದ ದಿನಾಂಕ, ಸಮಯ ಇರಬೇಕು. ಸಾಧ್ಯವಾದರೆ ಪುಟವನ್ನೇ ಸೇವ್ ಮಾಡಿಕೊಳ್ಳಬೇಕು.

ಕಾಪಾಡಿದ್ದು ವೇಬ್ಯಾಕ್ ಮಷೀನ್. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಜಾಲತಾಣಗಳ ಪ್ರತಿಗಳನ್ನು ಕೂಡಿಡುತ್ತಾ ಬಂದಿದೆ. 2001ರಿಂದ ಈ ವೇಬ್ಯಾಕ್ ಮಷೀನ್ ಮೂಲಕ ಅವನ್ನು ಯಾರು ಬೇಕಾದರೂ ನೋಡಬಹುದು. ಸಂಘದ ಪಟ್ಟಿಯ ಯುಆರ್‌ಎಲ್ ನೋಟ್‌ಬುಕ್ಕಿನಲ್ಲಿತ್ತು. ಹಾಕಿ ನೋಡಿದರೆ ಅದರದೊಂದು ಪ್ರತಿ ಅಲ್ಲಿ ಭದ್ರವಾಗಿತ್ತು, ದಿನಾಂಕದ ಸಮೇತ. ಪ್ರಿಂಟ್ ತೆಗೆದು ದೂರಿನ ಜೊತೆ ಸೇರಿಸಿದೆ. ಆಮೇಲೆ ಅದೇ ಸಂಸ್ಥೆಗೆ, ದಯವಿಟ್ಟು ಈ ಪ್ರತಿಯನ್ನು ಸಾರ್ವಜನಿಕರಿಗೆ ಕಾಣದಂತೆ ಮಾಡಿ ಎಂದು ಕಾರಣ ಸಮೇತ ಮೇಲ್ ಬರೆದೆ. ಉಪಕಾರ ಪಡೆದ ಕೈಯಲ್ಲೇ ಮನೆ ಖಾಲಿ ಮಾಡಿ ಅಂದ ಹಾಗಾಯಿತು. ಕೆಲವು ವಾರಗಳ ನಂತರ ಅದು ಮರೆಯಾಯಿತು.

ಕಡತ ಹೋಗಿ ಮೂರು ದಿನವಾದರೂ ಗೂಗಲ್‌ನಲ್ಲಿ ಹೆಸರು ಹುಡುಕಿದರೆ ಫಲಿತಾಂಶದ ಕೆಳಗಿನ ಎರಡು ಸಾಲಿನಲ್ಲಿ ವಿಳಾಸ ಇದ್ದೇ ಇತ್ತು. ಒತ್ತಿದರೆ ‘ಪುಟ ಇಲ್ಲ’ ಅನ್ನುತ್ತದೆ, ಆದರೆ ಒತ್ತದೆಯೇ ಬೇಕಾದದ್ದು ಓದಲು ಸಿಗುತ್ತದೆ. ಸರ್ಚ್ ಎಂಜಿನ್ ಪ್ರತಿ ಸಲ ಜಗತ್ತನ್ನೆಲ್ಲ ಹುಡುಕಿ ಬರುವುದಿಲ್ಲ. ಹಿಂದೆ ಬಂದು ಹೋದಾಗ ಬರೆದಿಟ್ಟುಕೊಂಡ ತನ್ನ ಟಿಪ್ಪಣಿಯನ್ನು ಓದಿ ಹೇಳುತ್ತದೆ. ಅದು ಮತ್ತೆ ಬಂದು ನೋಡುವ ತನಕ ಟಿಪ್ಪಣಿ ಹಳೆಯದೇ. ಬೇಗ ಬಂದು ನೋಡು ಎಂದು ಹೇಳಲು ಹಳತಾದ ಮಾಹಿತಿಗೆಂದೇ ಒಂದು ಪ್ರತ್ಯೇಕ ಉಪಕರಣವಿದೆ. ಪುಟ ಪೂರ್ತಿ ಹೋಗಿದ್ದರೆ ಯುಆರ್‌ಎಲ್ ಕೊಟ್ಟರೆ ಸಾಕು. ಪುಟ ಉಳಿದು ನಮ್ಮ ಮಾಹಿತಿ ಮಾತ್ರ ಹೋಗಿದ್ದರೆ, ಮೊದಲು ಇದ್ದು ಈಗ ಇಲ್ಲದ ಒಂದು ಪದವನ್ನೂ ಹೇಳಬೇಕು. ಎರಡು ದಿನದಲ್ಲಿ ಆ ಸಾಲುಗಳು ಹೋದವು.

ಇವೆಲ್ಲ ಪುಟದ ಒಡೆಯರು ಒಪ್ಪಿದಾಗಿನ ಮಾತು. ಅವನು ಬರೆದ ಚರ್ಚಾತಾಣದವರು ಒಪ್ಪುವುದಿರಲಿ, ಉತ್ತರವನ್ನೇ ಕೊಡಲಿಲ್ಲ. ಮೂರು ಮೇಲ್ ಹಾಕಿದೆ. ಗೋಡೆಗೆ ಹೇಳಿದ ಹಾಗೆ. ಆಗ ಉಳಿಯುವುದು ಪುಟ ಅಲ್ಲೇ ಇದ್ದರೂ ಹುಡುಕಿದವರಿಗೆ ಸಿಗದಂತೆ ಮಾಡುವುದು.

ಗೂಗಲ್ ಈ ವಿಷಯದಲ್ಲಿ ಮೊದಲು ಬಿಗಿಯಾಗಿತ್ತು. ಬ್ಯಾಂಕ್ ಖಾತೆಯ ಸಂಖ್ಯೆ, ಸಹಿಯ ಚಿತ್ರ ಇಂಥವು ಇದ್ದರೆ ಅಥವಾ ಸಂಪರ್ಕದ ವಿವರದ ಜೊತೆ ಬೆದರಿಕೆಯೂ ಇದ್ದರೆ ಮಾತ್ರ ತೆಗೆಯುತ್ತಿತ್ತು. 2022ರ ಏಪ್ರಿಲ್‌ನಿಂದ ಬರೀ ಫೋನ್ ನಂಬರು, ಮನೆ ವಿಳಾಸ, ಮೇಲ್ ಐಡಿ ಇದ್ದರೂ ಮನವಿ ಕೊಡಬಹುದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಹುಡುಕಿದಾಗ ಬರುವ ನಮ್ಮ ವಿವರಗಳನ್ನು ನಾವೇ ಗಮನಿಸಿ ತೆಗೆಸಲು ‘ರಿಸಲ್ಟ್ಸ್ ಅಬೌಟ್ ಯು’ ಎಂಬ ಸೌಲಭ್ಯ ಶುರುವಾಯಿತು. 2023ರಲ್ಲಿ, ಹೊಸದಾಗಿ ಏನಾದರೂ ಕಂಡರೆ ತಾನೇ ತಿಳಿಸುವಂತೆಯೂ ಆಯಿತು. ಇದಕ್ಕೂ ಯುರೋಪಿನವರ ‘ಮರೆಸಿಕೊಳ್ಳುವ ಹಕ್ಕಿ’ಗೂ ಸಂಬಂಧವಿಲ್ಲ. ಅದು ತಮ್ಮ ಹೆಸರಿನ ಹಳೆಯ ಕೊಂಡಿಗಳನ್ನು ಹುಡುಕಾಟದಿಂದ ತೆಗೆಸಲು 2014ರಲ್ಲಿ ಅಲ್ಲಿನ ನ್ಯಾಯಾಲಯದ ತೀರ್ಪಿನಿಂದ ಬಂದ ಕಾನೂನಿನ ದಾರಿ. ಇದು ಕಂಪನಿಯೇ ಮಾಡಿಕೊಂಡ ನಿಯಮ.

ಮನವಿಯಲ್ಲಿ ಎರಡು ಕವಲು. ಬರೀ ಸಂಪರ್ಕದ ಮಾಹಿತಿ ಇದೆ ಎನ್ನುವುದು ಒಂದು. ಅದನ್ನು ಕೇಡು ಮಾಡುವ ಉದ್ದೇಶದಿಂದಲೇ ಹಾಕಿದ್ದಾರೆ, ಬೆದರಿಕೆ ಇದೆ ಅಥವಾ ಕಿರುಕುಳ ಕೊಡಲು ಬೇರೆಯವರನ್ನು ಕರೆದಿದ್ದಾರೆ ಎನ್ನುವುದು ಇನ್ನೊಂದು. ಇದಕ್ಕೆ ಡಾಕ್ಸಿಂಗ್ ಅನ್ನುತ್ತಾರೆ. ‘ನೀವೇ ಫೋನ್ ಮಾಡಿ ವಿಚಾರಿಸಿಕೊಳ್ಳಿ’ ಎಂಬ ಸಾಲು ನನ್ನನ್ನು ಎರಡನೆಯ ಕವಲಿಗೆ ತಂದಿತು. ಪುಟದ ಚಿತ್ರ ತೆಗೆದು ಆ ಸಾಲಿಗೆ ಸುತ್ತು ಹಾಕಿದೆ. ಕನ್ನಡದಲ್ಲಿದ್ದದ್ದರಿಂದ ಇಂಗ್ಲಿಷಿನಲ್ಲಿ ಅದರ ಅರ್ಥವನ್ನೂ ಬರೆದೆ. ಹದಿನೆಂಟು ವರ್ಷದ ಅನುವಾದದ ಕೆಲಸದಲ್ಲಿ ನನ್ನ ಮೇಲೆಯೇ ಬರೆದ ಬೈಗುಳವನ್ನು ಅನುವಾದಿಸಿದ್ದು ಅದೇ ಮೊದಲು. ‘ಹಾಳುಮಾಡುತ್ತಾಳೆ’ಗೆ ಯಾವ ಪದ ಹಾಕಲಿ ಎಂದು ಐದು ನಿಮಿಷ ಯೋಚಿಸಿದೆನೆಂದರೆ ಚಟ ಎಷ್ಟು ಕೆಟ್ಟದ್ದು ನೋಡಿ.

ಮೊದಲ ಸಲ ಮನವಿ ವಾಪಸಾಯಿತು, ಇನ್ನಷ್ಟು ಮಾಹಿತಿ ಬೇಕೆಂದು. ತಪ್ಪು ನನ್ನದೇ. ಚರ್ಚೆಯ ಪುಟದ ಯುಆರ್‌ಎಲ್ ಕೊಡಬೇಕಾದಲ್ಲಿ ನಾನು ಗೂಗಲ್‌ನಲ್ಲಿ ಹುಡುಕಿದ ಪುಟದ ಯುಆರ್‌ಎಲ್ಲನ್ನೇ ಅಂಟಿಸಿದ್ದೆ. ಚೋರನ ಮನೆ ತೋರಿಸಿ ಎಂದರೆ ಪೊಲೀಸ್ ಠಾಣೆಯ ದಾರಿ ಹೇಳಿದ ಹಾಗೆ. ಫಲಿತಾಂಶವನ್ನು ಒತ್ತಿ ಒಳಗೆ ಹೋಗಿ, ಆ ಪುಟದ ವಿಳಾಸವನ್ನು ನಕಲು ಮಾಡಬೇಕು. ಚಿತ್ರವಾದರೆ ಚಿತ್ರದ್ದೇ ಬೇರೆ ವಿಳಾಸ, ಅದು ಇರುವ ಪುಟದ್ದು ಬೇರೆ.

ಎರಡನೆಯ ಸಲ ಒಪ್ಪಿಗೆ ಬಂತು. ಆ ಸಂಜೆ ತಿಂಗಳ ನಂತರ ಮೊದಲ ಬಾರಿಗೆ ಫೋನನ್ನು ಇನ್ನೊಂದು ಕೋಣೆಯಲ್ಲಿ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ಪರೀಕ್ಷಿಸಿದರೆ ಮಾಮೂಲಿ ಸ್ಪೆಲಿಂಗಿನಲ್ಲಿ ಪುಟ ಬರಲಿಲ್ಲ. ಎಚ್ ಸೇರಿಸಿ ಹುಡುಕಿದೆ, ಬಂತು. ಕನ್ನಡದಲ್ಲಿ ಹುಡುಕಿದೆ, ಮೊದಲ ಸಾಲಿನಲ್ಲೇ ಬಂತು.

ಮೇಲ್ ಮತ್ತೆ ಓದಿದಾಗ ಗೊತ್ತಾಯಿತು. ತೆಗೆಯುವುದರಲ್ಲಿ ಎರಡು ಬಗೆ: ಯಾವ ಪದ ಹಾಕಿ ಹುಡುಕಿದರೂ ಬಾರದಂತೆ ಮಾಡುವುದು, ಹೆಸರು ಹಾಕಿ ಹುಡುಕಿದಾಗ ಮಾತ್ರ ಬಾರದಂತೆ ಮಾಡುವುದು. ಆ ಪುಟದಲ್ಲಿ ಬೇರೆಯವರು ಬೇರೆ ವಿಷಯಗಳ ಬಗ್ಗೆ ಬರೆದದ್ದೂ ಇದ್ದುದರಿಂದ ನನಗೆ ಸಿಕ್ಕಿದ್ದು ಎರಡನೆಯದು. ‘ಯಾವ ಪದಗಳನ್ನು ಹುಡುಕಿದರೆ ಬರುತ್ತದೆ’ ಎಂಬ ಖಾನೆಯಲ್ಲಿ ನಾನು ತುಂಬಿದ್ದದ್ದು ಒಂದೇ ಹೆಸರನ್ನು. ಹನ್ನೊಂದು ರೂಪಗಳ ಪಟ್ಟಿ ಪಕ್ಕದಲ್ಲೇ ಇತ್ತು, ಬರೆಯಬೇಕೆಂದು ತೋಚಲಿಲ್ಲ. ಮತ್ತೆ ಮನವಿ ಕೊಟ್ಟೆ: ಹನ್ನೊಂದೂ, ಕನ್ನಡ ಲಿಪಿಯದೂ, ಹೆಸರಿನ ಜೊತೆ ಬಡಾವಣೆಯದೂ. ಇನ್ನೊಂದು ವಾರ ಹಿಡಿಯಿತು.

ಕಮ್ಮಟದ ಕರಪತ್ರಕ್ಕೆ ಕೊಟ್ಟ ಮನವಿಗೆ ಒಪ್ಪಿಗೆ ಸಿಗಲಿಲ್ಲ. ಶಿಕ್ಷಣ ಸಂಸ್ಥೆಯ ತಾಣದಲ್ಲಿ, ವೃತ್ತಿಯ ಸಂಬಂಧವಾಗಿ ಇರುವ ಮಾಹಿತಿ ಅದು. ಸರ್ಕಾರದ ಪುಟಗಳು, ಸುದ್ದಿ, ವೃತ್ತಿಗೆ ಸಂಬಂಧಿಸಿದ್ದು, ಇವನ್ನು ಸಾರ್ವಜನಿಕರಿಗೆ ಬೇಕಾದದ್ದೆಂದು ಉಳಿಸುವುದು ನಿಯಮದಲ್ಲೇ ಇದೆ. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಅದು ಸಲೀಸಾಗಿ ತೆಗೆಯುವ ವ್ಯವಸ್ಥೆಯಾಗಿದ್ದರೆ ತಪ್ಪು ಮಾಡಿದ ದೊಡ್ಡವರು ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಲ್ಲುತ್ತಿದ್ದರು. ಸಂಸ್ಥೆಯವರಿಗೇ ಬರೆದೆ. ತಾಣ ನೋಡಿಕೊಳ್ಳುವವರು ಯಾರೆಂದು ಪತ್ತೆ ಮಾಡುವುದಕ್ಕೇ ಹತ್ತು ದಿನ ಹೋಯಿತು. ಸಿಕ್ಕ ಮೇಲೆ ಐದು ನಿಮಿಷದ ಕೆಲಸ.

ನನ್ನದೇ ಹಳೆಯ ಬ್ಲಾಗು ಮಾತ್ರ ಎಲ್ಲಕ್ಕಿಂತ ಹೆಚ್ಚು ಕಾಡಿತು. ಅದರ ‘ನನ್ನ ಬಗ್ಗೆ’ ಪುಟದಲ್ಲಿ ಊರು, ಬಡಾವಣೆ, ಮನೆ ಎದುರಿನ ಮರದ ವರ್ಣನೆ, ಎಲ್ಲ ಇತ್ತು. ನನ್ನದೇ ತಾಣ, ಯಾರನ್ನು ಕೇಳಬೇಕು? ಎಲ್ಲೋ ಓದಿದಂತೆ ರೋಬೋಟ್ಸ್ ಕಡತದಲ್ಲಿ ‘ಒಳಗೆ ಬರಬೇಡಿ’ ಎಂದು ಸರ್ಚ್ ಎಂಜಿನ್ನುಗಳಿಗೆ ಫಲಕ ಹಾಕಿದೆ. ಪುಟಕ್ಕೆ ನೋಇಂಡೆಕ್ಸ್ ಎಂಬ ಗುರುತನ್ನೂ ಹಾಕಿದೆ, ಇದನ್ನು ಪಟ್ಟಿಗೆ ಸೇರಿಸಬೇಡ ಎಂದು ಅದರರ್ಥ. ಎರಡು ಬೀಗ ಹಾಕಿದ ಸಮಾಧಾನ. ಮೂರು ವಾರವಾದರೂ ಬ್ಲಾಗು ಫಲಿತಾಂಶದಿಂದ ಕದಲಲಿಲ್ಲ.

ತಮ್ಮ ನೋಡಿ ನಕ್ಕುಬಿಟ್ಟ. “ಅಕ್ಕಾ, ಒಳಗಿನ ಗೋಡೆಗೆ ‘ನನ್ನ ಹೆಸರು ಅಳಿಸಿ’ ಅಂತ ಚೀಟಿ ಅಂಟಿಸಿದ್ದೀಯ. ಹೊರಗಿನ ಬಾಗಿಲಿಗೆ ಬೀಗ ಜಡಿದಿದ್ದೀಯ. ಚೀಟಿ ಓದೋರು ಯಾರು?” ರೋಬೋಟ್ಸ್ ಫಲಕ ತಡೆಯುವುದು ಓದುವುದನ್ನು, ಪಟ್ಟಿಯಲ್ಲಿ ಇರುವುದನ್ನಲ್ಲ. ಓದಲು ಬಿಡದಿದ್ದರೆ ನೋಇಂಡೆಕ್ಸ್ ಗುರುತು ಅದಕ್ಕೆ ಕಾಣುವುದೇ ಇಲ್ಲ. ಬಾಗಿಲು ತೆರೆದಿಟ್ಟು ಚೀಟಿ ಓದಿಸಿದ ಮೇಲೆಯೇ ಹೆಸರು ಹೋಗುವುದು. ಪಿಡಿಎಫ್ ಕಡತಕ್ಕಾದರೆ ಪುಟದೊಳಗೆ ಗುರುತು ಹಾಕಲು ಬರುವುದಿಲ್ಲ, ಕಡತದ ಜೊತೆ ಸರ್ವರ್ ಕಳಿಸುವ ಹೆಡರ್ ಎಂಬ ಟಿಪ್ಪಣಿಯಲ್ಲಿ ಹಾಕಬೇಕಂತೆ. ಬೇಗ ಮರೆಯಾಗಬೇಕೆಂದರೆ, ತಾಣದ ಒಡೆಯರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ತಾಣ ನನ್ನದೆಂದು ರುಜುವಾತು ಮಾಡಿ ಅಲ್ಲಿಂದ ಅಡಗಿಸಬಹುದು. ಆದರೆ ಅದು ಸುಮಾರು 6 ತಿಂಗಳ ಮಟ್ಟಿಗೆ ಮಾತ್ರ. ಅಷ್ಟರಲ್ಲಿ ಶಾಶ್ವತವಾದದ್ದನ್ನು ಮಾಡಿರಬೇಕು. ನಾನು ‘ನನ್ನ ಬಗ್ಗೆ’ ಪುಟವನ್ನೇ ಅಳಿಸಿದೆ. ಮರದ ವರ್ಣನೆ ಚೆನ್ನಾಗಿತ್ತು, ನಕಲು ಇಟ್ಟುಕೊಂಡಿದ್ದೇನೆ.

ಬ್ಲಾಗಿಗೆಂದು ಕೊಂಡಿದ್ದ ಡೊಮೈನ್ ಹೆಸರಿನದು, ಅಂದರೆ ತಾಣದ ಜಾಲವಿಳಾಸದ್ದು, ಇನ್ನೊಂದು ಬಾಲ. ಕೊಳ್ಳುವಾಗ ಕೊಟ್ಟ ಹೆಸರು, ವಿಳಾಸ, ಫೋನ್ ಎಲ್ಲ ಹೂಈಸ್ ಎಂಬ ದಾಖಲೆಯಲ್ಲಿ ಯಾರಿಗೆ ಬೇಕಾದರೂ ಕಾಣುತ್ತಿದ್ದ ಕಾಲ ಅದು. 2018ರ ಮೇ ತಿಂಗಳಲ್ಲಿ ಖಾಸಗಿ ಮಾಹಿತಿಯನ್ನು ಕಾಪಾಡುವ ಯುರೋಪಿನ ಕಾನೂನು ಜಿಡಿಪಿಆರ್ ಜಾರಿಯಾದ ಮೇಲೆ ಹೆಚ್ಚಿನ ನೋಂದಣಿ ಕಂಪನಿಗಳು ಆ ವಿವರ ಮುಚ್ಚಿದವು. ಆದರೆ ಅದಕ್ಕೂ ಮೊದಲು ನಕಲು ಮಾಡಿಟ್ಟುಕೊಂಡ ತಾಣಗಳು ಇನ್ನೂ ಇವೆ. ಅಂಥ ಒಂದು ತಾಣದವರು ವಿವರ ತೆಗೆಯಲು ಗುರುತಿನ ಚೀಟಿಯ ಪ್ರತಿ ಕಳಿಸಿ ಅಂದರು. ವಿಳಾಸ ಅಳಿಸಿ ಎಂದು ಕೇಳಿದವಳಿಗೆ, ವಿಳಾಸವಿರುವ ಚೀಟಿ ಕೊಡಿ ಎಂಬ ಷರತ್ತು! ಹೆಸರೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕಪ್ಪು ಪಟ್ಟಿ ಎಳೆದು ಕಳಿಸಿದೆ. ಫೋನಿನಲ್ಲಿ ಚಿತ್ರ ತಿದ್ದುವಾಗ ಸಿಗುವ ಮಾರ್ಕರ್‌ನಿಂದ ಬಳಿಯಬೇಡಿ. ಅದು ಹಲವು ಫೋನುಗಳಲ್ಲಿ ಅರೆಪಾರದರ್ಶಕ, ಬೆಳಕು ಹೆಚ್ಚಿಸಿದರೆ ಕೆಳಗಿನ ಅಕ್ಷರ ಎದ್ದು ಕಾಣಬಹುದು. ಗಟ್ಟಿ ಬಣ್ಣದ ಚೌಕ ಹಾಕಿ, ಅದರ ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನು ಕಳಿಸಬೇಕು.

ಇದರ ನಡುವೆ ‘ನಿಮ್ಮ ಹೆಸರನ್ನು ಅಂತರ್ಜಾಲದಿಂದ ಪೂರ್ತಿ ತೊಳೆದು ಕೊಡುತ್ತೇವೆ’ ಎನ್ನುವವರೂ ಕರೆ ಮಾಡಿದರು. ನನ್ನ ನಂಬರ್ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಅಂತರ್ಜಾಲದಲ್ಲೇ ಅಂದರು. ಫೋನ್ ಇಟ್ಟೆ.

ಗೂಗಲ್ ಮುಗಿದ ಮೇಲೆ ಮೈಕ್ರೊಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್. ಅದರ ಮನವಿ ಬೇರೆ, ನಿಯಮ ಬೇರೆ, ಇಲ್ಲಿ ತೆಗೆದದ್ದು ಅಲ್ಲಿಗೆ ಅನ್ವಯಿಸುವುದಿಲ್ಲ. ಡಕ್‌ಡಕ್‌ಗೋ ಎಂಬ ಇನ್ನೊಂದು ಸರ್ಚ್ ಎಂಜಿನ್ ತನ್ನ ಮಾಮೂಲಿ ಕೊಂಡಿಗಳನ್ನು ಹೆಚ್ಚಾಗಿ ಬಿಂಗ್‌ನಿಂದಲೇ ತರುವುದರಿಂದ ಅಲ್ಲಿ ಹೋದದ್ದು ಇಲ್ಲೂ ನಿಧಾನವಾಗಿ ಹೋಯಿತು.

ಸ್ಟ್ರೀಟ್ ವ್ಯೂನಲ್ಲಿ ಮನೆಯ ಚಿತ್ರವನ್ನು ಮಸುಕು ಮಾಡಿಸಬಹುದು. ಒಮ್ಮೆ ಮಸುಕು ಮಾಡಿದರೆ ಅದು ಶಾಶ್ವತ, ಮನಸ್ಸು ಬದಲಾಯಿಸಿದರೆ ವಾಪಸ್ ಬರುವುದಿಲ್ಲ. 2010ರಲ್ಲಿ ಜರ್ಮನಿಯಲ್ಲಿ 2 ಲಕ್ಷ 40 ಸಾವಿರಕ್ಕೂ ಹೆಚ್ಚು ಮನೆಯವರು ಹೀಗೆ ಕೇಳಿಕೊಂಡಿದ್ದರು. ಅಲ್ಲಿ ಒಂದು ಮಸುಕು ಮನೆ ಹತ್ತರಲ್ಲಿ ಹನ್ನೊಂದು. ನಮ್ಮ ರಸ್ತೆಯಲ್ಲಿ ನಮ್ಮದೊಂದೇ ಮಸುಕಾದರೆ, ‘ಇಲ್ಲಿ ಏನೋ ಇದೆ’ ಎಂದು ನಾನೇ ಬೆರಳು ತೋರಿಸಿದಂತೆ. ಎರಡು ದಿನ ಯೋಚಿಸಿ ಬಿಟ್ಟೆ. ಸರಿ ಮಾಡಿದೆನೋ ಇಲ್ಲವೋ, ಈಗಲೂ ಗೇಟಿನ ಮುಂದೆ ಯಾರಾದರೂ ನಿಧಾನವಾಗಿ ನಡೆದರೆ ಆ ಪ್ರಶ್ನೆ ಏಳುತ್ತದೆ.

ಪೂರ್ತಿ ಮಾಯವಾಗಲು ನನಗೆ ಆಗುತ್ತಿರಲಿಲ್ಲ. ಹುಡುಕಿ ಬರುವವರಿಂದಲೇ ನನ್ನ ಕೆಲಸ ನಡೆಯುವುದು. ಕೆಲಸಕ್ಕೆ ಬೇರೆ ನಂಬರ್ ತೆಗೆದುಕೊಂಡೆ. ರಾತ್ರಿ ಎಂಟಕ್ಕೆ ಆ ಫೋನ್ ಆಫ್. ಕೆಲಸದ ಮೇಲ್ ಐಡಿಯನ್ನು ಬೇರೆ ಯಾವ ಖಾತೆಗೂ ಬಳಸಿಲ್ಲ. ಹಳೆಯ ನಂಬರ್ ಮನೆಯವರಿಗೆ ಮಾತ್ರ. ಸಂಘದವರು ಈ ವರ್ಷದ ಪಟ್ಟಿಯಲ್ಲಿ ಎಲ್ಲರದೂ ಹೆಸರಷ್ಟೇ ಹಾಕಿದ್ದಾರೆ. ಒಬ್ಬ ಹಿರಿಯರು, ವಿಳಾಸವಿಲ್ಲದ ಮೇಲೆ ಆಮಂತ್ರಣ ಕಳಿಸುವುದು ಹೇಗೆ ಎಂದು ಬೇಸರಪಟ್ಟುಕೊಂಡರಂತೆ.

27 ಸಾಲುಗಳಲ್ಲಿ 24 ಹೊಡೆದುಹಾಕಿದ್ದೇನೆ. ಉಳಿದ ಮೂರರಲ್ಲಿ ಎರಡು, ಎಲ್ಲಿಂದಲೋ ನಕಲು ಮಾಡಿ ಹಾಕಿಕೊಂಡ ತಾಣಗಳು. ಒಂದು ತೆಗೆಸಿದರೆ ಇನ್ನೊಂದು ಹೆಸರಿನಲ್ಲಿ ಎದ್ದು ಬರುತ್ತವೆ. ಮೂರನೆಯದು ಒಂದು ಗುಂಪು ಫೋಟೊ, ಹಿಂದೆ ಮನೆಯ ಕಾಂಪೌಂಡು ಕಾಣುತ್ತದೆ. ಹಾಕಿದ ಗೆಳತಿ ಈಗಿಲ್ಲ, ಅವಳ ಖಾತೆಗೆ ಕೈಹಾಕಲು ಮನಸ್ಸಾಗಿಲ್ಲ. ಅವನ ಕಡೆಯಿಂದ, ಪೊಲೀಸರು ಕರೆಸಿ ಮಾತಾಡಿದ ಮೇಲೆ, ಸದ್ಯಕ್ಕೆ ಸದ್ದಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಕಿಟಕಿ ತೆರೆದು, ಹನ್ನೊಂದೂ ಹೆಸರಿನಲ್ಲಿ ನನ್ನನ್ನು ಹುಡುಕುತ್ತೇನೆ.

ಹೋದ ವಾರ ಕೆಲಸದ ಫೋನಿಗೆ ಒಬ್ಬ ಲೇಖಕಿ ಕರೆ ಮಾಡಿದ್ದರು. ಮೊದಲ ಕಾದಂಬರಿಯಂತೆ. “ನಿಮ್ಮನ್ನು ಹಿಡಿಯೋದು ಬಹಳ ಕಷ್ಟ ಆಯ್ತು ಮೇಡಂ” ಎಂದು ಸಣ್ಣ ಆಕ್ಷೇಪದ ಧ್ವನಿಯಲ್ಲೇ ಶುರು ಮಾಡಿದರು.

“ಎಷ್ಟು ಹೊತ್ತು ಹುಡುಕಿದಿರಿ?”

“ಒಂದು ಅರ್ಧ ಗಂಟೆ ಆಯ್ತೇನೋ. ಕೊನೆಗೆ ಒಂದು ಪುಸ್ತಕದ ಹಿಂದಿನ ಪುಟದಲ್ಲಿ ಈ ನಂಬರ್ ಸಿಕ್ತು.”

“ಮನೆ ಎಲ್ಲಿದೆ ಅಂತೇನಾದರೂ ಕಾಣಿಸಿತಾ?”

ಆ ಕಡೆ ಒಂದು ಕ್ಷಣ ಮೌನ. “ಇಲ್ಲವಲ್ಲ. ಯಾಕೆ ಮೇಡಂ?”

“ಸುಮ್ಮನೆ ಕೇಳಿದೆ. ಹಸ್ತಪ್ರತಿ ಎಷ್ಟು ಪುಟ ಇದೆ, ಹೇಳಿ” ಅಂದೆ. ಅವರು ಹೇಳುತ್ತಿದ್ದಂತೆ ನೋಟ್‌ಬುಕ್ ಎಳೆದುಕೊಂಡು ಎರಡನ್ನೂ ಬರೆದುಕೊಂಡೆ: 312 ಪುಟ, ಅರ್ಧ ಗಂಟೆ.